ಕೌಂಟರ್ ಮುಂದೆ ಪಿಗ್ಮಿ ಏಜೆಂಟರು, ಪರದೆಯ ಮೇಲೆ ಡಿಎಲ್‌ಎಲ್ ದೋಷ

ಮಾರ್ಚ್ ಕೊನೆಯ ವಾರ, ನಾನು ಕಂಪ್ಯೂಟರ್ ನಿರ್ವಹಣೆ ನೋಡಿಕೊಳ್ಳುವ ಪತ್ತಿನ ಸಹಕಾರ ಸಂಘವೊಂದರಲ್ಲಿ ಪಿಗ್ಮಿ ಲೆಕ್ಕದ ತಂತ್ರಾಂಶ ತೆರೆಯದೆ ಕೆಲಸ ನಿಂತಿತ್ತು. ವಿಸಿರನ್‌ಟೈಮ್140.ಡಿಎಲ್‌ಎಲ್ ಸಿಗುತ್ತಿಲ್ಲ ಎಂಬ ಸಂದೇಶ ಪರದೆಯ ಮೇಲಿತ್ತು. ಡಿಎಲ್‌ಎಲ್ ಎಂದರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಹಾಯಕ ಕಡತ. "ನಿನ್ನೆ ಎರಡು ಫೈಲ್ ಇಲ್ಲ ಅಂತಿತ್ತು ಸರ್, ಒಂದನ್ನ ನೆಟ್‌ನಲ್ಲಿ ಹುಡುಕಿ ಹಾಕಿದೆ, ಈಗ ಇದೊಂದನ್ನೇ ಕೇಳ್ತಿದೆ" ಎಂದು ಗುಮಾಸ್ತರು ಹೇಳಿದರು. ಆ ಮಾತಿಗೆ ನಾನು ಆಗಲೇ ಕಿವಿಗೊಡಬೇಕಿತ್ತು.

ಮೊದಲು ವಿಂಡೋಸ್‌ನಲ್ಲೇ ಇರುವ ಎಸ್‌ಎಫ್‌ಸಿ (ಸಿಸ್ಟಮ್ ಫೈಲ್ ಚೆಕರ್) ಸ್ಕ್ಯಾನ್ ನಡೆಸಿದೆ, ದೋಷವೇನೂ ಸಿಗಲಿಲ್ಲ. ಅದು ಪರಿಶೀಲಿಸುವುದು ವಿಂಡೋಸ್‌ನ ಸ್ವಂತ ಕಡತಗಳನ್ನು. ಇದಾದರೋ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಬೇರೆ ಪ್ಯಾಕೇಜಿನ ಜೊತೆ ಬರುವ ಕಡತ. ಡಿಸ್ಕ್‌ನಲ್ಲಿ ಜಾಗ ಮಾಡಲು ಹೊರಟ ಯಾರೋ, ಅಳವಡಿಸಿದ ತಂತ್ರಾಂಶಗಳ ಪಟ್ಟಿಯಲ್ಲಿ ಆ ಪ್ಯಾಕೇಜಿನ ಹೆಸರು ನಾಲ್ಕಾರು ಬಾರಿ ಕಂಡದ್ದರಿಂದ ಕೆಲವನ್ನು ತೆಗೆದುಹಾಕಿದ್ದರು.

ವಿಂಡೋಸ್ 64 ಬಿಟ್‌ನದಾದ್ದರಿಂದ ಮೈಕ್ರೋಸಾಫ್ಟ್ ತಾಣದಿಂದಲೇ ಎಕ್ಸ್64 ಪ್ಯಾಕೇಜನ್ನು ಇಳಿಸಿ ಅಳವಡಿಸಿದೆ. ಸಂದೇಶ ಬದಲಾಗಲಿಲ್ಲ, ಏಕೆಂದರೆ ತಂತ್ರಾಂಶ 32 ಬಿಟ್‌ನದು. ಇಲ್ಲಿ ಹೆಸರುಗಳೇ ದಾರಿ ತಪ್ಪಿಸುತ್ತವೆ: ಸಿಸ್ಟಮ್32 ಎಂಬ ಫೋಲ್ಡರ್‌ನಲ್ಲಿರುವುದು 64 ಬಿಟ್ ಕಡತಗಳು, 32 ಬಿಟ್‌ನವು ಇರುವುದು ಸಿಸ್‌ವಾವ್64ರಲ್ಲಿ. ಯಾವ ಪ್ಯಾಕೇಜು ಬೇಕೆಂಬುದನ್ನು ವಿಂಡೋಸ್ ನೋಡಿ ಅಲ್ಲ, ತಂತ್ರಾಂಶ ನೋಡಿ ನಿರ್ಧರಿಸಬೇಕು.

32 ಬಿಟ್‌ನ ಎಕ್ಸ್86 ಪ್ಯಾಕೇಜು ಹಾಕಿದ ಮೇಲೆ ಹಳೆಯ ಸಂದೇಶ ಹೋಗಿ, ಪ್ರೊಸೀಜರ್ ಎಂಟ್ರಿ ಪಾಯಿಂಟ್ ಸಿಗಲಿಲ್ಲ ಎಂಬ ಹೊಸದು ಬಂತು. ಬೇಕಾದ ಕಡತ ಸಿಕ್ಕಿದೆ, ಆದರೆ ಅದರೊಳಗೆ ತಂತ್ರಾಂಶ ಕರೆಯುವ ಫಂಕ್ಷನ್ (ನಿರ್ದಿಷ್ಟ ಕೆಲಸ ಮಾಡುವ ಕೋಡ್ ಭಾಗ) ಇಲ್ಲ ಎಂಬುದು ಇದರರ್ಥ. ಗುಮಾಸ್ತರ ಮಾತು ನೆನಪಾದದ್ದು ಆಗ. ತಂತ್ರಾಂಶದ ಫೋಲ್ಡರ್ ತೆರೆದು ದಿನಾಂಕದ ಪ್ರಕಾರ ಜೋಡಿಸಿದರೆ, ಹಿಂದಿನ ದಿನ ಬಂದು ಕೂತಿದ್ದ ಎಂಎಸ್‌ವಿಸಿಪಿ140.ಡಿಎಲ್‌ಎಲ್ ಎಲ್ಲಕ್ಕಿಂತ ಮೇಲಿತ್ತು. ಪ್ರಾಪರ್ಟೀಸ್‌ನಲ್ಲಿ ನೋಡಿದಾಗ ಆವೃತ್ತಿ ಹಳೆಯದು, ಕಡತ ಯಾರದೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿಯ ಪುಟವೇ ಇಲ್ಲ. ತಂತ್ರಾಂಶ ತನ್ನ ಫೋಲ್ಡರನ್ನೇ ಮೊದಲು ಹುಡುಕುವುದರಿಂದ, ಸಿಸ್‌ವಾವ್64ರಲ್ಲಿ ಸರಿಯಾದ ಕಡತವಿದ್ದರೂ ಅದರವರೆಗೆ ಹೋಗುತ್ತಲೇ ಇರಲಿಲ್ಲ.

ಆ ಕಡತವನ್ನು ತೆಗೆದ ಕೂಡಲೇ ತಂತ್ರಾಂಶ ತೆರೆಯಿತು. ಸಹಿಯಿಲ್ಲದ ಕಡತವೊಂದು ಜನರ ಠೇವಣಿ ಲೆಕ್ಕವಿರುವ ಯಂತ್ರದಲ್ಲಿ ಒಂದು ದಿನ ಇತ್ತೆಂಬುದು ನನಗೆ ಸಣ್ಣ ವಿಷಯವೆನಿಸಲಿಲ್ಲ. ಏಜೆಂಟರ ರಸೀದಿಗಳು ಮುಗಿಯುತ್ತಲೇ ಆ ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿ ಪೂರ್ತಿ ವೈರಸ್ ತಪಾಸಣೆಗೆ ಹಾಕಿದೆ.