ಕಕ್ಕಡದ ಮಳೆಯಲ್ಲಿ ಪೈಪ್ ನಿರ್ವಹಣೆ

ಮಡಿಕೇರಿ, ಭಾಗಮಂಡಲದ ಕಡೆ ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಜಡಿಮಳೆ ಹಿಡಿದರೆ ತಂಬಾಕು ಸೇದುವ ಪೈಪಿಗೆ ಮೊದಲ ಕಂಟಕ ಒಳಗೆ ಉಳಿಯುವ ತೇವ. ಬೇಸಿಗೆಯಲ್ಲಿ ಒಂದು ದಿನಕ್ಕೆ ಒಣಗುವ ಬ್ರಯರ್ ಮರದ ಬೌಲ್ (ತಂಬಾಕು ತುಂಬುವ ಬಟ್ಟಲು) ಕಕ್ಕಡದಲ್ಲಿ ಎರಡು ಮೂರು ದಿನವಾದರೂ ತೇವವಾಗಿಯೇ ಇರುತ್ತದೆ. ಹಾಗೇ ಬಿಟ್ಟರೆ ಶ್ಯಾಂಕಿನೊಳಗೆ, ಅಂದರೆ ಬೌಲಿನಿಂದ ಚಾಚಿದ ಮರದ ಕೊಳವೆಯೊಳಗೆ, ಬೂಷ್ಟು, ಹುಳಿ ವಾಸನೆ.

ಸೇದಿ ಮುಗಿದ ಕೂಡಲೇ ಸ್ಟೆಮ್ (ಬಾಯಿಗಿಡುವ ಕೊಳವೆ) ಕಳಚಬೇಡಿ. ಬಿಸಿಯಿರುವಾಗ ತಿರುಚಿದರೆ ಟೆನನ್ (ಶ್ಯಾಂಕಿನೊಳಗೆ ಕೂರುವ ಸ್ಟೆಮ್ಮಿನ ತುದಿ) ಮುರಿಯುತ್ತದೆ, ಇಲ್ಲವೇ ಶ್ಯಾಂಕ್ ಸೀಳುತ್ತದೆ. ಬಾಯಿಯ ಕಡೆಯಿಂದ ಪೈಪ್ ಕ್ಲೀನರ್ (ನೂಲು ಹೊದಿಸಿದ ತೆಳು ತಂತಿ) ತೂರಿಸಿ ಬೌಲಿನ ತಳ ಮುಟ್ಟಿಸಿ ತೆಗೆಯಿರಿ. ಬಿಳಿಯಾಗಿ ಬರುವ ತನಕ ಹೊಸದನ್ನು ಹಾಕುತ್ತಿರಿ. ಪೂರ್ತಿ ತಣ್ಣಗಾದ ಮೇಲೆ ಶ್ಯಾಂಕನ್ನು ಬಿಗಿಯಾಗಿ ಹಿಡಿದು, ಸ್ಟೆಮ್ಮನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸುತ್ತ ಬಿಡಿಸಿ, ಬೇರೆ ಬೇರೆ ಒಣಗಲು ಇಡಿ.

ಬೌಲಿನ ಒಳಗೋಡೆಯ ಇದ್ದಿಲ ಪದರ, ಅಂದರೆ ಕೇಕ್, 1ರಿಂದ 1.5 ಮಿ.ಮೀ. ಇದ್ದರೆ ಸಾಕು. ಅದಕ್ಕಿಂತ ದಪ್ಪವಾದರೆ ಇದ್ದಿಲು, ಮರ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬೌಲ್ ಬಿರಿಯುತ್ತದೆ. ಚಾಕು ಬೇಡ; ಬೆರಳು ಗಾತ್ರದ ಕೋಲಿಗೆ 220 ನಂಬರಿನ ಉಪ್ಪು ಕಾಗದ ಸುತ್ತಿ ನಿಧಾನ ತಿರುಗಿಸಿ. ಮೀರ್‌ಶಾಮ್ ಎಂಬ ಮೆದು ಬಿಳಿ ಖನಿಜದ ಪೈಪಿಗೆ ಮಾತ್ರ ಕೇಕ್ ಕಟ್ಟಲೇ ಬಿಡಬಾರದು, ಪ್ರತಿ ಸಲ ಒರೆಸಿಬಿಡಿ.

ಹುಳಿ ವಾಸನೆ ಹೋಗದಿದ್ದರೆ ಬೌಲಿಗೆ ಹತ್ತಿ ತುಂಬಿ, ಶ್ಯಾಂಕಿಗೆ ಒಂದು ಕ್ಲೀನರ್ ತೂರಿಸಿ, 99% ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿ ನೆನೆಯುವಷ್ಟು ಡ್ರಾಪರಿನಲ್ಲಿ ಬಿಡಿ. ಬೆಳಿಗ್ಗೆಯಷ್ಟೊತ್ತಿಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಲವರು ಹತ್ತಿಯ ಬದಲು ಉಪ್ಪು ಹಾಕುತ್ತಾರೆ. ನಮ್ಮ ಹವೆಗೆ ಅದು ಒಗ್ಗದು: ಮರದ ರಂಧ್ರದಲ್ಲಿ ಉಳಿದ ಹರಳು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಸೇನಾ ಕ್ಯಾಂಟೀನಿನ ರಮ್ ಕೂಡ ಬೇಡ. 42.8% ಆಲ್ಕೊಹಾಲ್ ಬಿಟ್ಟರೆ ಉಳಿದದ್ದು ಬಹುಪಾಲು ನೀರು, ಮರ ಉಬ್ಬುತ್ತದೆ. ಸ್ಪಿರಿಟ್ ಹೊರಮೈಗೆ ತಾಗಿದರೆ ಪಾಲಿಶ್ ಹೋಗುತ್ತದೆ, ಅಕ್ರಿಲಿಕ್ ಸ್ಟೆಮ್ಮಿಗೆ ತಾಗಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಹತ್ತಿ ತೆಗೆದ ಮೇಲೆ ಪೈಪ್ ಒಂದು ವಾರ ಒಣಗಲಿ. ಸ್ಪಿರಿಟ್ ವಾಸನೆ ಪೂರ್ತಿ ಹೋಗುವ ತನಕ ಬೆಂಕಿ ತೋರಿಸಲೇಬಾರದು.

ಎಬೊನೈಟ್ (ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರ್) ಸ್ಟೆಮ್ ಹಸಿರು-ಕಂದಾಗುವುದು ಬೆಳಕು, ತೇವ ಸೇರಿ ಒಳಗಿನ ಗಂಧಕ ಹೊರಬರುವುದರಿಂದ. ತಣ್ಣೀರು, ಸೋಪಿನಲ್ಲಿ ತೊಳೆದು, 1000, ಆಮೇಲೆ 2000 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿ. ಶ್ಯಾಂಕಿಗೆ ಕೂರುವ ಅಂಚಿಗೆ ಟೇಪ್ ಸುತ್ತಿರಲಿ. ಆ ಅಂಚು ಸವೆದರೆ ಸಂದು ಕಾಣಿಸುತ್ತದೆ, ಸರಿಮಾಡಲು ಆಗುವುದಿಲ್ಲ. ಬಿಸಿನೀರು ಬೇಡ, ತಾಗಿಸಿದರೆ ಬಾಗಿದ ಆಕಾರದ ಸ್ಟೆಮ್ ನೆಟ್ಟಗಾಗಿಬಿಡುತ್ತದೆ.

ಒಣಗಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ, ಬೌಲ್ ಸೀಳುತ್ತದೆ. ಬೂಷ್ಟು ಹಿಡಿಯದಿರಲೆಂದು ಬೀರುವಿನಲ್ಲಿ ಬಲ್ಬ್ ಉರಿಸುವವರು ಪೈಪನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಲ್ಬಿನಿಂದ ದೂರದ ಖಾನೆಯಲ್ಲಿಡಿ.