ಡಾಕ್ಟರ್ ಆಗದೆ ಆರೋಗ್ಯ ಕ್ಷೇತ್ರ ಸೇರಲು ಏನು ಓದಬೇಕು?

ಸಾಗರದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನನ್ನನ್ನು ಮುಂಗಾರು ಹಿಡಿಯುವ ಹೊತ್ತಿಗೆ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಕೇಳುವ ಪ್ರಶ್ನೆ ಪ್ರತಿವರ್ಷವೂ ಒಂದೇ: "ಮೇಡಂ, ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬರಲಿಲ್ಲ. ಆದರೂ ಆಸ್ಪತ್ರೆಯ ಕೆಲಸವೇ ಬೇಕು. ಯಾವ ಡಿಗ್ರಿಗೆ ಸೇರಿದರೆ ಒಳ್ಳೆಯದು?" ಕೋರ್ಸುಗಳ ಪಟ್ಟಿ ಯಾರ ಕೈಗಾದರೂ ಸಿಗುತ್ತದೆ. ನಾನು ಮೊದಲು ಕೇಳುವುದು, ದಿನದ ಎಂಟು ಗಂಟೆ ನೀನು ಯಾವುದರ ಎದುರು ಇರಬಲ್ಲೆ ಎಂದು: ನೋವಿನಲ್ಲಿರುವ ಮನುಷ್ಯನ ಎದುರೋ, ಅವನ ರಕ್ತದ ಮಾದರಿಯ ಎದುರೋ, ಯಂತ್ರದ ಎದುರೋ? ಇದಕ್ಕೆ ಪ್ರಾಮಾಣಿಕವಾದ ಉತ್ತರ ಸಿಕ್ಕರೆ ಡಿಗ್ರಿಯ ಆಯ್ಕೆ ಅರ್ಧ ಮುಗಿದಂತೆಯೇ.

ರೋಗಿಯ ಹತ್ತಿರ ಹೋಗಲು ಅಳುಕು, ಆದರೆ ರೋಗದ ಕಾರಣ ಹುಡುಕುವ ಹಂಬಲ ಇರುವವರಿಗೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಬಿ.ಎಸ್ಸಿ. ಇದೆ. ನಮ್ಮ ಜಿಲ್ಲೆಯವರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧಿಯಿಲ್ಲ. ಉಣುಗು ಕಚ್ಚಿ ಜ್ವರ ಬಂದವನಿಗೆ ಬಂದಿರುವುದು ಅದೇ ಕಾಯಿಲೆಯೋ, ಇಲಿ ಜ್ವರವೋ, ಡೆಂಗಿಯೋ ಎಂಬುದನ್ನು ಲಕ್ಷಣ ನೋಡಿಯೇ ಖಚಿತವಾಗಿ ಹೇಳಲಾಗದು; ಅದನ್ನು ಹೇಳುವುದು ಆರ್‌ಟಿ-ಪಿಸಿಆರ್ ಅಥವಾ ಎಲೈಸಾ ಪರೀಕ್ಷೆ. ಮಾದರಿ ದಾರಿಯಲ್ಲಿ ತಂಪು ಕಳೆದುಕೊಂಡರೆ ವೈರಾಣುವಿನ ಆರ್‌ಎನ್‌ಎ (ಪರೀಕ್ಷೆ ಹುಡುಕುವ ಅದರ ತಳಿದ್ರವ್ಯ) ಒಡೆದುಹೋಗಿ, ರೋಗ ಇದ್ದರೂ ಇಲ್ಲವೆಂಬ ವರದಿ ಬರಬಹುದು. ಆ ತಪ್ಪು ಆಗದಂತೆ ಎಚ್ಚರ ವಹಿಸುವವರನ್ನು ರೋಗಿ ಒಮ್ಮೆಯೂ ನೋಡಿರುವುದಿಲ್ಲ. ಹಾಗೆ ಕಾಣದೆ ದುಡಿಯುವುದರಲ್ಲಿ ತೃಪ್ತಿ ಪಡೆಯಬಲ್ಲವರು ಈ ದಾರಿ ಹಿಡಿಯಲಿ.

ಮನುಷ್ಯರ ಜೊತೆಯೇ ಇರಬೇಕು ಎನ್ನುವವರಿಗೆ ನಾನು ಫಿಸಿಯೋಥೆರಪಿಯನ್ನು ಒತ್ತಿ ಹೇಳುತ್ತೇನೆ. ಅಡಿಕೆ ಕೊನೆ ತೆಗೆಯಲು ಮರವೇರಿ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಮಲೆನಾಡಿನ ಊರುಗಳಲ್ಲಿ ಇದ್ದಾರೆ. ನಮ್ಮದೇ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದು ಆ ಊರಿನ ಹೆಸರನ್ನೇ ಹೊತ್ತ ಕಾಯಿಲೆ ಸೊಂಟದ ಮತ್ತು ಮಂಡಿಯ ಕೀಲುಗಳನ್ನು ಸವೆಸುತ್ತದೆ. ಅದು ವಂಶವಾಹಿಯ ಮೂಲಕ ಬರುವಂಥದ್ದು. ಶಸ್ತ್ರಚಿಕಿತ್ಸೆ ಆದವರಿಗೂ ಆಗದವರಿಗೂ ಮುಂದಿನ ತಿಂಗಳುಗಳಲ್ಲಿ ಬೇಕಾಗುವುದು ಕೈ ಹಿಡಿದು ನಡೆಸುವವರು. ಪಾರ್ಶ್ವವಾಯುವಿನಿಂದ ಬಲಗೈ ಸೋತಿದ್ದ ನನ್ನ ತಂದೆ ಮತ್ತೆ ತಾವೇ ತುತ್ತು ಎತ್ತಿ ಬಾಯಿಗಿಟ್ಟುಕೊಂಡ ದಿನ ಅವರ ಎದುರು ಕುಳಿತಿದ್ದವರು ಫಿಸಿಯೋಥೆರಪಿಸ್ಟ್. ಹಾಗಾಗಿ ಈ ವಿಷಯದಲ್ಲಿ ನನಗೆ ಪಕ್ಷಪಾತವಿದೆ ಎಂದರೆ ಒಪ್ಪಿಕೊಳ್ಳುತ್ತೇನೆ.

ನರ್ಸಿಂಗ್ ಹೆಸರೆತ್ತಿದರೆ ಹಲವು ಮನೆಗಳಲ್ಲಿ ಮಾತು ನಿಂತುಬಿಡುತ್ತದೆ, ಅದರಲ್ಲೂ ಕೇಳುತ್ತಿರುವುದು ಗಂಡುಮಗನಾದರೆ. ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮಾಡಿದವರಿಗೆ ತೀವ್ರ ನಿಗಾ ಘಟಕದಿಂದ ಹಿಡಿದು ಬೋಧನೆಯವರೆಗೆ, ಕೇರಳದವರು ಬಹುಕಾಲದಿಂದ ತೋರಿಸಿಕೊಟ್ಟಿರುವಂತೆ ಹೊರದೇಶಗಳವರೆಗೆ, ದಾರಿಗಳು ತೆರೆದಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಡಿ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಆ ಹುದ್ದೆಗೆ ಹೋಗುವವರಲ್ಲಿ ಹೆಚ್ಚಿನವರು ನರ್ಸಿಂಗ್ ಪದವೀಧರರು. ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೊಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಮಳೆಗಾಲದಲ್ಲಿ ಹೊಳೆ ದಾಟಿ ಪೇಟೆಗೆ ಬರಲಾಗದ ಅಜ್ಜಿಯ ರಕ್ತದೊತ್ತಡ ನೋಡಿ, ಮಾತ್ರೆ ಕೊಟ್ಟು, ಬೇಕಾದಾಗ ವೈದ್ಯರಿಗೆ ಕರೆ ಮಾಡುವುದು ಅವರ ಕೆಲಸ. ಈ ನೇಮಕಾತಿ ಹೆಚ್ಚಾಗಿ ಗುತ್ತಿಗೆಯದು ಎಂಬುದನ್ನೂ, ನರ್ಸಿಂಗ್ ಎಂದರೆ ರಾತ್ರಿ ಪಾಳಿ ತಪ್ಪದು ಎಂಬುದನ್ನೂ ಮಕ್ಕಳಿಗೆ ಮುಚ್ಚಿಡುವುದಿಲ್ಲ.

ಯಂತ್ರಗಳತ್ತ ಒಲವಿದ್ದರೆ ಇಮೇಜಿಂಗ್ (ಎಕ್ಸ್-ರೇ, ಸ್ಕ್ಯಾನ್), ಡಯಾಲಿಸಿಸ್, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞಾನದ ಪದವಿಗಳಿವೆ. ಔಷಧಿಗಳ ಕಡೆಗೆ ಒಲವಿದ್ದರೆ ಫಾರ್ಮಸಿಯಲ್ಲಿ ಎರಡು ಪದವಿಗಳಿವೆ: ಬಿ.ಫಾರ್ಮಾ ನಾಲ್ಕು ವರ್ಷ, ಫಾರ್ಮ್.ಡಿ. ಆದರೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಆರು ವರ್ಷ, ವಾರ್ಡಿನಲ್ಲಿ ವೈದ್ಯರ ಜೊತೆ ಔಷಧಿಯ ಪ್ರಮಾಣ ಚರ್ಚಿಸುವ ಆಸೆಯುಳ್ಳವರಿಗೆ. ಪಿಯುಸಿಯಲ್ಲಿ ಜೀವಶಾಸ್ತ್ರದ ಬದಲು ಗಣಿತ ಓದಿದವರಿಗೂ ಬಿ.ಫಾರ್ಮಾ ಬಾಗಿಲು ತೆರೆದಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಮಾತು ಬಾರದ ಮಕ್ಕಳೊಂದಿಗೆ ತಾಳ್ಮೆಯಿಂದ ಕೂರಬಲ್ಲವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪದವಿಯನ್ನು ನೋಡಲೇಬೇಕು. ಕಲಾ ವಿಭಾಗದವರೂ ನಿರಾಶರಾಗಬೇಕಿಲ್ಲ: ಮನಃಶಾಸ್ತ್ರ ಅಥವಾ ಸಮಾಜಕಾರ್ಯದ ಪದವಿಯಿಂದ ಮುಂದೆ ಆಸ್ಪತ್ರೆಯ ಸಮಾಜಕಾರ್ಯಕ್ಕೆ ಹೋಗಬಹುದು.

ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಸೇರಿದರೆ ಆಸ್ಪತ್ರೆಯಲ್ಲಿ ಕೆಲಸ ಸಿಗುವುದೇ ಎಂದೂ ಕೇಳುತ್ತಾರೆ. ಅವು ಸಂಶೋಧನೆಗೆ ಒಳ್ಳೆಯ ಬುನಾದಿ, ಎಂ.ಎಸ್ಸಿ. ಮಾಡುವ ಮನಸ್ಸಿದ್ದರೆ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲೇ ಇದೆ. ಆದರೆ ಆ ಪದವಿಗಳಲ್ಲಿ ವಾರ್ಡಿನ ತರಬೇತಿ ಇರುವುದಿಲ್ಲ. ಮೂರು ವರ್ಷ ಓದಿ ನೇರವಾಗಿ ರೋಗಿಗಳ ಸೇವೆಗೆ ಇಳಿಯುತ್ತೇನೆಂದು ಹೊರಟವರಿಗೆ ಅದು ತಪ್ಪು ಬಸ್ಸು.

ಕೊನೆಯದಾಗಿ, ಕಾಲೇಜಿನ ಮಾನ್ಯತೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜಾಹೀರಾತು ನಂಬಿ ಬೇರೊಂದು ಊರಿನ ಪ್ಯಾರಾಮೆಡಿಕಲ್ ಕಾಲೇಜಿಗೆ ಸೇರಿ, ಎರಡು ವರ್ಷ ಶುಲ್ಕ ಕಟ್ಟಿದ ಮೇಲೆ, ಆ ಕೋರ್ಸಿಗೆ ಅನುಮತಿಯೇ ಇರಲಿಲ್ಲವೆಂದು ತಿಳಿದಳು. ಅವಳ ಅಪ್ಪ ಆ ಹಣವನ್ನು ತೋಟದ ಮೇಲೆ ಸಾಲ ಮಾಡಿ ತಂದಿದ್ದರು. ಅಂದಿನಿಂದ ನಾನು ಯಾರಿಗೇ ಆದರೂ ಹೇಳುವುದು ಇಷ್ಟು: ಯಾವ ಕೋರ್ಸಿಗೆ ಯಾವ ಸಂಸ್ಥೆಯ ನಿಯಮ ಎಂದು ಮೊದಲು ತಿಳಿಯಿರಿ. ನರ್ಸಿಂಗ್‌ಗೆ ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ರಾಜ್ಯ ಪರಿಷತ್ತು, ಫಾರ್ಮಸಿಗೆ ಫಾರ್ಮಸಿ ಪರಿಷತ್ತು, ವಾಕ್ ಶ್ರವಣಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಫಿಸಿಯೋಥೆರಪಿ, ಪ್ರಯೋಗಾಲಯದಂಥ ಕೋರ್ಸುಗಳಿಗೆ 2021ರ ಕಾಯ್ದೆಯ ಅಡಿಯ, ವೈದ್ಯಕೀಯ ಪೂರಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ. ಇವುಗಳ ಪ್ರವೇಶ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಓದಿ. ಸೇರುವ ಮೊದಲು ಕಾಲೇಜಿನ ಕಚೇರಿಯಲ್ಲಿ ಕುಳಿತು ಆ ವರ್ಷದ ಅನುಮತಿ ಪತ್ರವನ್ನೂ, ವಿಶ್ವವಿದ್ಯಾಲಯದ ಸಂಯೋಜನೆಯ ಆದೇಶವನ್ನೂ ಕೇಳಿ ಪಡೆದು ನೋಡಿ, ವಿದ್ಯಾರ್ಥಿಗಳ ತರಬೇತಿ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂದು ವಿಚಾರಿಸಿ, ಸಾಧ್ಯವಾದರೆ ಆ ಆಸ್ಪತ್ರೆಗೂ ಒಮ್ಮೆ ಹೋಗಿ ಬನ್ನಿ. ಪತ್ರ ತೋರಿಸಲು ಹಿಂಜರಿದರೆ ಶುಲ್ಕ ಕಟ್ಟದೆ ಎದ್ದು ಬನ್ನಿ.