ಚಪ್ಪಾಳೆ ಕೇಳುತ್ತೆ, ಹಾಡು ಕೇಳಲ್ಲ

"ಸರ್, ಗೆಜ್ಜೆ ಕೇಳುತ್ತೆ, ಚಪ್ಪಾಳೆ ಕೇಳುತ್ತೆ, ಹಾಡು ಮಾತ್ರ ಇಲ್ಲ." ನಾವು ಶೂಟ್ ಮಾಡಿ, ಎಡಿಟ್ ಮಾಡಿಕೊಟ್ಟ ರಂಗಪ್ರವೇಶದ ಡಿವಿಡಿಯನ್ನು ಬಸವನಗುಡಿಯ ಒಂದು ಹಾಲ್‌ನಲ್ಲಿ ಹಾಕಿದವರ ಫೋನ್. ಅದೇ ವಾರ ಇನ್ನೊಂದು ಮನೆಯವರು, ಹೋಂ ಥಿಯೇಟರ್‌ನಲ್ಲಿ ಹಾಡು ಹಿಂದಿನ ಸ್ಪೀಕರ್‌ನಿಂದ ಬರ್ತಿದೆ ಅಂದರು. ಮೂರನೆಯವರಿಗೆ ಟಿವಿಯಲ್ಲಿ ಮೃದಂಗದ ತೊಪ್ಪಿ, ಅಂದರೆ ಎಡಬದಿಯ ಗುಂಭ ಸದ್ದು, ಕೇಳುತ್ತಲೇ ಇರಲಿಲ್ಲ. ಎಲ್ಲ ಒಂದೇ ಮಾಸ್ಟರ್‌ನಿಂದ ರೈಟ್ ಮಾಡಿದ ಡಿಸ್ಕುಗಳು.

ಮೂರು ದೂರಿಗೆ ಮೂರು ಕಾರಣ ಹುಡುಕಿದ್ದೇ ನಮ್ಮ ತಪ್ಪು. ಹಾಲ್‌ನವರಿಗೆ ಕೇಬಲ್ ಲೂಸ್ ಇರಬೇಕು ಅಂದೆವು. ಹೋಂ ಥಿಯೇಟರ್‌ನವರಿಗೆ ಸೆಟ್ಟಿಂಗ್ ಬದಲಾಯಿಸಿ ಅಂದೆವು. ಮೂರನೆಯದಕ್ಕೆ ಎಸಿ-3 (ಡಿವಿಡಿಯ ಡಾಲ್ಬಿ ಆಡಿಯೋ) ಎನ್‌ಕೋಡರ್ ತೆರೆದು, ಸದ್ದು ಎಷ್ಟು ತಗ್ಗಿಸಬೇಕೆಂದು ಪ್ಲೇಯರ್‌ಗೆ ಹೇಳುವ ಡೈಲಾಗ್ ನಾರ್ಮಲೈಸೇಶನ್ ಅನ್ನು -27ರಿಂದ -31ಕ್ಕೆ ಇಳಿಸಿ, ಕಂಪ್ರೆಶನ್ ಪ್ರೊಫೈಲ್ 'ನನ್' (None) ಮಾಡಿ ಮತ್ತೆ ಎನ್‌ಕೋಡ್ ಮಾಡಿದೆವು. -27 ಇದ್ದರೆ ಪ್ಲೇಯರ್ 4 ಡೆಸಿಬೆಲ್ ತಗ್ಗಿಸಿಯೇ ಕೇಳಿಸುತ್ತದೆ, ಹಾಗಾಗಿ ಆ ತಿದ್ದುಪಡಿ ಬೇಕಾದದ್ದೇ. ಸದ್ದು ಏರಿತು. ಹಾಡು ಬರಲಿಲ್ಲ.

ಕಾರಣ ಶೂಟಿಂಗ್ ದಿನದ್ದು. ಮಿಕ್ಸರ್‌ನ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಔಟ್‌ನಿಂದ ಕ್ಯಾಮೆರಾದ ಸ್ಟೀರಿಯೋ ಮಿನಿ ಜ್ಯಾಕ್‌ಗೆ ನೇರವಾಗಿ ಒಂದು ರೆಡಿಮೇಡ್ ಕೇಬಲ್ ಹೋಗಿತ್ತು. ಎಕ್ಸ್‌ಎಲ್‌ಆರ್‌ನ 2ನೇ ಪಿನ್ ಜ್ಯಾಕ್‌ನ ತುದಿಗೆ (ಟಿಪ್), 3ನೇ ಪಿನ್ ಅದರ ಕೆಳಗಿನ ಉಂಗುರಕ್ಕೆ (ರಿಂಗ್). ಕ್ಯಾಮೆರಾಗೆ ಟಿಪ್ ಅಂದರೆ ಲೆಫ್ಟ್, ರಿಂಗ್ ಅಂದರೆ ರೈಟ್. 3ನೇ ಪಿನ್‌ನಲ್ಲಿ ಬರುವುದು 2ನೇ ಪಿನ್ನಿನದೇ ಸದ್ದು, ಆದರೆ ತಲೆಕೆಳಗಾಗಿ. ಒಂದು ಚಾನೆಲ್‌ನ ಅಲೆ ಏರುವಾಗ ಇನ್ನೊಂದರದ್ದು ಅಷ್ಟೇ ಇಳಿಯುತ್ತದೆ.

ಹಾಲ್‌ನವರು ಪ್ಲೇಯರ್‌ನ ಕೆಂಪು, ಬಿಳಿ ಎರಡನ್ನೂ ವೈ ಕೇಬಲ್‌ನಲ್ಲಿ ಸೇರಿಸಿ ಒಂದೇ ಚಾನೆಲ್‌ಗೆ ಕೊಟ್ಟಿದ್ದರು. ಎರಡು ಅಲೆಗಳೂ ಒಂದನ್ನೊಂದು ಅಳಿಸಿಹಾಕಿದವು. ಉಳಿದದ್ದು ಎರಡನೇ ಕ್ಯಾಮೆರಾದ ಮೈಕ್‌ನ ಗೆಜ್ಜೆ, ಚಪ್ಪಾಳೆ. ಸ್ಟೀರಿಯೋದಿಂದ ಸರೌಂಡ್ ಬಿಡಿಸುವ ಪ್ರೊ ಲಾಜಿಕ್ ಇರುವ ಹೋಂ ಥಿಯೇಟರ್, ಹೀಗೆ ಫೇಸ್ (ಅಲೆಯ ಏರಿಳಿತ) ಉಲ್ಟಾ ಇರುವುದನ್ನು ಸರೌಂಡ್ ಎಂದೇ ಓದಿಕೊಂಡು ಹಿಂದಕ್ಕೆ ಕಳಿಸುತ್ತದೆ. ಟಿವಿಯ ಎರಡು ಸ್ಪೀಕರ್ ಹತ್ತಿರ ಹತ್ತಿರ ಇರುವುದರಿಂದ ಬಾಸ್ ಗಾಳಿಯಲ್ಲೇ ಸತ್ತುಹೋಗುತ್ತದೆ.

ಹೆಡ್‌ಫೋನ್‌ನಲ್ಲಿ ಮಾತ್ರ ಇದು ಚೆನ್ನಾಗಿಯೇ ಕೇಳುತ್ತದೆ. ದನಿ ತಲೆಯ ಎರಡೂ ಪಕ್ಕ ಹರಡಿದಂತೆ. ಒಳ್ಳೇ ಸ್ಟೀರಿಯೋ ಎಂದುಕೊಂಡು ಎಡಿಟ್ ಮುಗಿಸಿದ್ದೆವು. ಒಬ್ಬರೇ ಹಾಡುವಾಗ ದನಿ ನಟ್ಟನಡುವೆ ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲೇ ಅನುಮಾನ ಪಡಬೇಕಿತ್ತು. ಮಾಸ್ಟರ್ ಟ್ರ್ಯಾಕ್ ಅನ್ನು ಒಮ್ಮೆ ಮೋನೋ ಮಾಡಿ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಎರಡು ಚಾನೆಲ್ ಎಷ್ಟು ಹೊಂದುತ್ತವೆ ಎಂದು ತೋರಿಸುವ ಕೋರಿಲೇಶನ್ ಮೀಟರ್ ಹಾಕಿದರೆ ಮುಳ್ಳು -1ಕ್ಕೆ ಅಂಟಿಕೊಂಡಿರುತ್ತದೆ.

ಸರಿಪಡಿಸುವುದು ಸುಲಭ. ಮಿಕ್ಸರ್‌ನಿಂದ ಬಂದ ಲೈನ್ ಫೀಡ್ ಕ್ಲಿಪ್‌ಗೆ ಮಾತ್ರ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ 'ಫಿಲ್ ರೈಟ್ ವಿತ್ ಲೆಫ್ಟ್' ಹಾಕಿ, ಲೆಫ್ಟ್‌ನದೇ ಸದ್ದು ರೈಟ್‌ಗೂ ಬರುತ್ತದೆ. ಆಡಾಸಿಟಿಯಲ್ಲಾದರೆ ಸ್ಟೀರಿಯೋ ಒಡೆದು ಒಂದು ಚಾನೆಲ್‌ಗೆ 'ಇನ್ವರ್ಟ್'. ಎರಡನೇ ಕ್ಯಾಮೆರಾದ ಮೈಕ್ ಟ್ರ್ಯಾಕ್ ಮುಟ್ಟಬೇಡಿ. ಮುಂದಿನ ಶೂಟಿಂಗ್‌ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಿಂದ ರೆಡಿ ಕೇಬಲ್ ತರುವಾಗ ಮಲ್ಟಿಮೀಟರ್ ಇಟ್ಟು ನೋಡಿ: 2ನೇ ಪಿನ್ ಟಿಪ್, ರಿಂಗ್ ಎರಡಕ್ಕೂ ಹೋಗಿರಬೇಕು, 1ನೇ ಪಿನ್ ಜ್ಯಾಕ್‌ನ ಬುಡಕ್ಕೆ (ಸ್ಲೀವ್).

ಫೇಸ್ ಸರಿಯಾದ ಮೇಲೂ ಡಿವಿಡಿಗೆ ಅದರದ್ದೇ ಕಟ್ಟುಪಾಡುಗಳಿವೆ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇರಬೇಕು. ಸಿಡಿಯಿಂದ ತೆಗೆದ ಹಾಡು 44.1. ಅದನ್ನು ಪರಿವರ್ತಿಸದೆ 48 ಎಂದು ಓದಿಸಿದರೆ 60 ನಿಮಿಷದ್ದು ಸುಮಾರು 55ಕ್ಕೇ ಮುಗಿಯುತ್ತದೆ, ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಏರುತ್ತದೆ. ಸಂಗೀತಗಾರರ ಕೈಗೆ ಅಂಥ ಡಿಸ್ಕ್ ಕೊಡುವುದು ಅವಮಾನ. ಫೋನ್ ಕ್ಲಿಪ್ ಇದ್ದರೆ ಅದರ ಫ್ರೇಮ್ ರೇಟ್ ಏರಿಳಿಯುತ್ತಿರುತ್ತದೆ, ಟೈಮ್‌ಲೈನ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ 25 ಫ್ರೇಮ್ ಮಾಡಿಕೊಳ್ಳಿ. ಸಿಂಕ್ ನೋಡಲು ನಟ್ಟುವಾಂಗದ ತಾಳಕ್ಕಿಂತ ಒಳ್ಳೆಯ ಗುರುತಿಲ್ಲ: ತಾಳ ತಾಗಿದ ಫ್ರೇಮ್ ಮತ್ತು ಅಲೆಯ ಮೊನೆ ಶುರುವಿನಲ್ಲಿ, ಕೊನೆಯಲ್ಲಿ ಕೂಡಬೇಕು. ಎರಡೂ ಕಡೆ ಅಷ್ಟೇ ಅಂತರವಿದ್ದರೆ ಟ್ರ್ಯಾಕ್ ಸರಿಸಿದರೆ ಸಾಕು. ಅಂತರ ಬೆಳೆಯುತ್ತಾ ಹೋದರೆ ರೇಟ್‌ನದೇ ಸಮಸ್ಯೆ, ಎಷ್ಟು ಸರಿಸಿದರೂ ಕೂಡುವುದಿಲ್ಲ.

ಎಎಸಿ ಆಡಿಯೋ ಡಿವಿಡಿಗೆ ಸಲ್ಲದು. ಕಂಪ್ರೆಸ್ ಮಾಡದ ಪಿಸಿಎಂ 1.5 ಎಂಬಿಪಿಎಸ್ ನುಂಗುತ್ತದೆ, 4.7 ಜಿಬಿ ಡಿಸ್ಕ್‌ನಲ್ಲಿ 2 ಗಂಟೆ ಕಾರ್ಯಕ್ರಮಕ್ಕೆ ಒಟ್ಟು ಸಿಗುವುದೇ 5.2. ಎಸಿ-3 ಸ್ಟೀರಿಯೋ 224 ಕೆಬಿಪಿಎಸ್ ಕೊಟ್ಟು ಉಳಿದದ್ದನ್ನು ಚಿತ್ರಕ್ಕೆ ಬಿಡಿ.

ಡೆಲಿವರಿ ದಿನ ಟೆಸ್ಟ್‌ಗೆ ಒಂದು ಗಂಟೆ ಕೇಳಿದರೆ "ಮೊದಲು ಕಾಪಿ ಹೊಡೀರಿ" ಅನ್ನುವುದು ಇನ್ನೂ ನಿಂತಿಲ್ಲ. ಆ ಸಲ 40 ಕಾಪಿ ಮತ್ತೆ ರೈಟ್ ಮಾಡಿ, ಮನೆಮನೆಗೆ ಹೋಗಿ ಬದಲಾಯಿಸಿಕೊಟ್ಟೆವು. ಈಗ ಮೊದಲ ಪ್ರತಿ ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಮೇಲೆ. ಅದು ಟಿವಿಯಲ್ಲಿ ಒಮ್ಮೆ, ವೈ ಕೇಬಲ್ ಹಾಕಿ ಒಮ್ಮೆ ಓಡಿದ ಮೇಲೆಯೇ ಖಾಲಿ ಡಿಸ್ಕುಗಳ ಡಬ್ಬಿ ತೆರೆಯುತ್ತೇವೆ.